ಬಿಡಿಭಾಗಕ್ಕೂ ಒಂದು ಧರ್ಮವುಂಟೆ?

ಮಹಾನವಮಿಯ ದಿನ ಮಹಾಲಕ್ಷ್ಮಿ ಲೇಔಟ್‌ನ ಅಡ್ಡರಸ್ತೆಗಳಲ್ಲಿ ಕಾರು, ಸ್ಕೂಟರು, ಆಟೋಗಳ ಸಾಲಿನಲ್ಲಿ ಸೈಕಲ್ಲುಗಳೂ ಮೈತೊಳೆಸಿಕೊಂಡು ಸೇವಂತಿಗೆ ಮುಡಿದು ನಿಲ್ಲುತ್ತವೆ. ಒಂದು ಕಡೆ ಯಶವಂತಪುರ, ಇನ್ನೊಂದು ಕಡೆ ರಾಜಾಜಿನಗರದ ಕೈಗಾರಿಕಾ ಪ್ರದೇಶ, ಸ್ವಲ್ಪ ಆಚೆಗೆ ಪೀಣ್ಯ. ಇಂಥ ನೆರೆಯಿರುವ ಬಡಾವಣೆಯಲ್ಲಿ ಲೇತು, ಸ್ಪಾನರುಗಳಿಗೆ ಕುಂಕುಮ ಹಚ್ಚುವುದು ಅಲಂಕಾರದ ಮಾತಲ್ಲ, ಅನ್ನದ ಮಾತು. ಪೂಜೆ ಸಲ್ಲುವುದು ವಸ್ತುವಿಗೋ ಅದು ಮಾಡುವ ಕೆಲಸಕ್ಕೋ ಎಂದು ಆ ದಿನ ಯಾರೂ ಕೇಳುವುದಿಲ್ಲ. ಕೇಳಬೇಕಾಗಿ ಬರುವುದು, ಒಂದು ಕೆಲಸಕ್ಕೆಂದು ಮಾಡಿದ ಉಪಕರಣವನ್ನು ಬಿಚ್ಚಿ ಮತ್ತೊಂದಕ್ಕೆ ಹಚ್ಚಿದಾಗ. ಡಾಂಬರು ರಸ್ತೆಯ ಸೈಕಲ್ಲಿಗೆಂದು ಮಾಡಿದ ಕ್ಯಾಸೆಟ್ಟು (ಹಿಂಗಾಲಿಯ ಹಲ್ಲುಚಕ್ರಗಳ ಗೊಂಚಲು), ಡಿರೇಲರು (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಸಾಧನ) ಇವುಗಳನ್ನು ಬೆಟ್ಟದಿಂದ ಕಲ್ಲುದಾರಿಯಲ್ಲಿ ಧುಮುಕುವ ಡೌನ್‌ಹಿಲ್ ಸೈಕಲ್ಲಿಗೆ ಹಾಕುವುದು ಅಂಥದೊಂದು ಪ್ರಸಂಗ. ನಮ್ಮ ಪಶ್ಚಿಮ ಬೆಂಗಳೂರಿನಲ್ಲಿ ಡೌನ್‌ಹಿಲ್ ಎನ್ನಬಹುದಾದ ಇಳಿಜಾರೇ ಇಲ್ಲ. ಕೆಂಗೇರಿಯ ಕಡೆಯ ತುರಹಳ್ಳಿ ಕಾಡಿನ ಬಂಡೆಗಳು ಅದರ ರುಚಿ ತೋರಿಸಿ ಮುಗಿದುಬಿಡುತ್ತವೆ. ಆದರೂ ಪ್ರಶ್ನೆ ದೊಡ್ಡದು: ಮನುಷ್ಯ ಮಾಡಿದ ವಸ್ತುವಿಗೆ ಹುಟ್ಟಿನಿಂದಲೇ ಅಂಟಿಕೊಂಡ ಧರ್ಮವಿದೆಯೆ? ಅದನ್ನು ಬಿಟ್ಟು ಬೇರೆ ಕಡೆ ದುಡಿದರೆ ಅದು ಬದಲಿಯಷ್ಟೆಯೋ, ಸ್ವಂತ ಹಕ್ಕಿನಿಂದ ಅಲ್ಲಿ ಸಲ್ಲುವುದೋ?

ಮೊದಲು ಕಬ್ಬಿಣದ ಸಂಗತಿ. ಒಂಬತ್ತು ಗೇರಿನ ಕಾಲದ ಬೆಟ್ಟದ ಕ್ಯಾಸೆಟ್ಟಿನಲ್ಲಿ ಹಲ್ಲುಗಳ ಎಣಿಕೆ 11, 13, 15, 17, 20, 23, 26, 30, 34 ಎಂದಿರುತ್ತಿತ್ತು. ಅದೇ ಕಾಲದ ರಸ್ತೆ ಕ್ಯಾಸೆಟ್ಟೊಂದರಲ್ಲಿ 11, 12, 13, 14, 15, 17, 19, 21, 23. ಮೊದಲನೆಯದರಲ್ಲಿ ಒಂದು ಗೇರಿನಿಂದ ಇನ್ನೊಂದಕ್ಕೆ ಶೇಕಡ 13ರಿಂದ 18ರ ನೆಗೆತ. ಎರಡನೆಯದರಲ್ಲಿ 7ರಿಂದ 13. ಬೆಟ್ಟದ ಕ್ಯಾಸೆಟ್ಟಿನ ದೊಡ್ಡ ಚಕ್ರಗಳು ಇರುವುದು ಏರು ಹತ್ತಲಿಕ್ಕೆ. ಡೌನ್‌ಹಿಲ್‌ನಲ್ಲಿ ಸವಾರನನ್ನು ಮೇಲಕ್ಕೆ ಒಯ್ಯುವುದು ಲಿಫ್ಟು ಅಥವಾ ಜೀಪು. ಇಳಿಯುವಾಗ ಬೇಕಾದದ್ದು ವೇಗಕ್ಕೆ ತಕ್ಕಂತೆ ಸಣ್ಣಸಣ್ಣ ಹೆಜ್ಜೆಯಲ್ಲಿ ಬದಲಾಗುವ ಗೇರು. ದೊಡ್ಡ ಚಕ್ರ ಹೋದರೆ ತೂಕ ಇಳಿಯುತ್ತದೆ, ಚೈನು ಮೋಟಾಗುತ್ತದೆ, ಚೈನು ಹಾಯುವ ಕೇಜು ಉದ್ದವಿರುವ ಡಿರೇಲರಿನ ಬದಲು ರಸ್ತೆಯ ಗಿಡ್ಡ ಕೇಜಿನದು ಸಾಕಾಗುತ್ತದೆ. ಅದು ಕಲ್ಲಿಗೆ ತಗಲುವ ಸಂಭವವೂ ಕಡಿಮೆ. ಹೀಗಾಗಿ ಡೌನ್‌ಹಿಲ್ ಸ್ಪರ್ಧಿಗಳು ಬಹಳ ಹಿಂದಿನಿಂದಲೇ ರಸ್ತೆಯ ಭಾಗಗಳತ್ತ ಕೈಚಾಚಿದರು. ಕ್ಯಾಸೆಟ್ಟು ಕೂರುವ ಫ್ರೀಹಬ್ಬಿನ ತೋಡುಗಳು ಎರಡು ಬಗೆಯ ಸೈಕಲ್ಲಿಗೂ ಆಗ ಒಂದೇ ಆಗಿದ್ದುದರಿಂದ ದಾರಿ ಸುಗಮವಾಗಿತ್ತು.

ಇದನ್ನು ತೂಗಲು ನಮ್ಮಲ್ಲೇ ಒಂದು ಹಳೆಯ ತಕ್ಕಡಿ ಇದೆ, ಪೂರ್ವಮೀಮಾಂಸೆ. ಯಜ್ಞದ ವಿಧಿಗಳನ್ನು ಅರ್ಥೈಸುವ ಶಾಸ್ತ್ರವೆಂದು ಅದನ್ನು ಅಟ್ಟಕ್ಕೇರಿಸಿದ್ದೇವೆ. ನಿಜಕ್ಕೂ ಯಾವ ವಸ್ತು ಯಾವ ಕ್ರಿಯೆಗೆ ಎಷ್ಟರಮಟ್ಟಿಗೆ ಅಂಗವಾಗುತ್ತದೆ ಎಂಬುದನ್ನು ಅದರಷ್ಟು ಹಟ ಹಿಡಿದು ಯೋಚಿಸಿದ ಶಾಸ್ತ್ರ ಇನ್ನೊಂದಿಲ್ಲ. ಅದರ ಸೂತ್ರಕಾರ ಜೈಮಿನಿಯ ಹನ್ನೆರಡು ಅಧ್ಯಾಯಗಳಲ್ಲಿ ಆರನೆಯದರ ಮೂರನೆಯ ಪಾದ ಪ್ರತಿನಿಧಿಯ ವಿಚಾರಕ್ಕೆ ಮೀಸಲು. ವಿಧಿಸಿದ ಭತ್ತ ಹಾಳಾದರೆ ಯಜ್ಞ ನಿಲ್ಲಬೇಕಿಲ್ಲ, ಅದನ್ನು ಹೋಲುವ ಕಾಡುಭತ್ತವಾದ ನೀವಾರವನ್ನು ತರಬಹುದು. ಸೋಮ ಸಿಗದಿದ್ದರೆ ಪೂತೀಕ. ನಮ್ಮ ಮನೆಗಳ ಪೂಜೆಯಲ್ಲಿ ವಸ್ತ್ರವಿಲ್ಲದಿದ್ದರೆ ಅಕ್ಷತೆ, ಗಣಪತಿಯ ವಿಗ್ರಹವಿಲ್ಲದಿದ್ದರೆ ಅರಿಸಿನದ ಉಂಡೆ ಎನ್ನುವಾಗ ಇದೇ ಉದಾರ ಬುದ್ಧಿ ಕೆಲಸ ಮಾಡುತ್ತದೆ. ರಸ್ತೆಯ ಕ್ಯಾಸೆಟ್ಟನ್ನೂ ಹೀಗೆ ‘ಸಿಗದಿದ್ದಕ್ಕೆ ಇದು’ ಎಂಬ ಪಟ್ಟಿಗೆ ಸೇರಿಸಿ ಕೈತೊಳೆದುಕೊಳ್ಳಬಹುದು. ಆ ವಿವರಣೆ ಸಹಜವಾಗಿಯೂ ತೋರುತ್ತದೆ. ಆದರೆ ನನಗೆ ಅದು ತಪ್ಪೆನಿಸುತ್ತದೆ. ಕಾರಣವೂ ಅದೇ ಪಾದದ ಮೊದಲಲ್ಲೇ ಸಿಗುತ್ತದೆ. ನಿತ್ಯಕರ್ಮದಲ್ಲಿ ಕೆಲವು ಅಂಗಗಳು ತಪ್ಪಿದರೂ ಶಕ್ತಿಯಿದ್ದಷ್ಟು ಮಾಡಿದರೆ ಸಂದಿತು. ಫಲ ಬಯಸಿ ಮಾಡುವ ಕಾಮ್ಯಕರ್ಮದಲ್ಲಿ ಮಾತ್ರ ಎಲ್ಲ ಅಂಗಗಳೂ ನೆಟ್ಟಗಿರಬೇಕು ಎನ್ನುತ್ತದೆ ಮೀಮಾಂಸೆ. ಮಹಾಲಕ್ಷ್ಮಿ ಮೆಟ್ರೊ ನಿಲ್ದಾಣದವರೆಗೆ ದಿನಾ ತುಳಿಯುವುದು ನಿತ್ಯ; ಅಲ್ಲಿ ಹೇಗೋ ನಡೆದೀತು. ಸೆಕೆಂಡಿನ ನೂರನೇ ಭಾಗಕ್ಕೆ ಹೋರಾಡುವ ಪಂದ್ಯ ಕಾಮ್ಯವಲ್ಲದೆ ಇನ್ನೇನು? ರಸ್ತೆಯ ಭಾಗಗಳು ಡೌನ್‌ಹಿಲ್ಲಿಗೆ ಬಂದದ್ದು ಈ ಪಂದ್ಯದ ಮೂಲಕ. ಯಾವ ಭಾಗ ಬೇಕಾದರೂ ತರಿಸಿಕೊಳ್ಳಬಲ್ಲವರು, ಯಾವ ಕೊರತೆಯನ್ನೂ ಸಹಿಸದವರು ಅದನ್ನು ಆರಿಸಿಕೊಂಡರು. ಕೊರತೆ ತುಂಬಲು ಬಂದ ಪ್ರತಿನಿಧಿಗೆ ಅಲ್ಲಿ ಪ್ರವೇಶವೇ ಇರುತ್ತಿರಲಿಲ್ಲ.

ಹಾಗಾದರೆ ಅದು ಏನು? ಉತ್ತರ ಹತ್ತನೆಯ ಅಧ್ಯಾಯದಲ್ಲಿದೆ. ಮೂಲಯಾಗ ಪ್ರಕೃತಿ, ಅದರ ಮಾದರಿಯಲ್ಲಿ ನಡೆಯುವುದು ವಿಕೃತಿ. ಪ್ರಕೃತಿಯ ಅಂಗಗಳೆಲ್ಲ ವಿಕೃತಿಗೆ ಹರಿದು ಬರುತ್ತವೆ, ಆದರೆ ಅಲ್ಲಿ ಮಾಡಲು ಕೆಲಸವಿಲ್ಲದ್ದು ಬಿದ್ದುಹೋಗುತ್ತದೆ. ಇದಕ್ಕೆ ಕೊಡುವ ಉದಾಹರಣೆ ಸೊಗಸಾಗಿದೆ. ಆಯುಸ್ಸು ಬಯಸುವವನು ಪ್ರಜಾಪತಿಗೆ ನೂರು ಕೃಷ್ಣಲಗಳ, ಅಂದರೆ ಗುಲಗಂಜಿ ತೂಕದ ಚಿನ್ನದ ಚೂರುಗಳ, ಚರುವನ್ನು (ಬೇಯಿಸಿದ ಹವಿಸ್ಸನ್ನು) ಅರ್ಪಿಸಬೇಕು. ಮೂಲದಲ್ಲಿ ಭತ್ತವನ್ನು ಕುಟ್ಟುವುದಿದೆ. ಚಿನ್ನಕ್ಕೆ ಹೊಟ್ಟೆಲ್ಲಿ? ಆದ್ದರಿಂದ ಕುಟ್ಟುವುದು ಬೇಡ. ಬೆಟ್ಟದ ಸೈಕಲ್ಲನ್ನು ಪ್ರಕೃತಿಯೆಂದರೆ ಡೌನ್‌ಹಿಲ್ ಅದರ ವಿಕೃತಿ. ಏರುವುದೇ ಇಲ್ಲವೆಂದ ಮೇಲೆ 34 ಹಲ್ಲಿನ ಚಕ್ರ ಹೊಟ್ಟಿಲ್ಲದ ಧಾನ್ಯಕ್ಕೆ ಒನಕೆ ಎತ್ತಿದ ಹಾಗೆ. ಅದು ಬಿದ್ದ ಜಾಗಕ್ಕೆ ಒತ್ತಾದ ಹಲ್ಲುಸಾಲು ಬಂದದ್ದು ಈ ಕ್ರಿಯೆ ಬೇಡುವ ಉಪಕಾರದಿಂದ. ಅದು ಹುಟ್ಟಿದ್ದು ರಸ್ತೆಗಾಗಿ ಎಂಬುದು ಆಕಸ್ಮಿಕ. ಮೀಮಾಂಸಕರು ಇಲ್ಲಿ ಇನ್ನೊಂದು ಸೂಕ್ಷ್ಮ ಹಿಡಿಯುತ್ತಾರೆ. ಪ್ರತಿನಿಧಿಯನ್ನು ತಂದಾಗ ಮಂತ್ರ ಬದಲಾಗದು, ನೀವಾರ ಹಾಕಿದರೂ ಬಾಯಲ್ಲಿ ಭತ್ತವೆಂದೇ. ವಿಕೃತಿಯಲ್ಲಿ ವಿಧಿಯೇ ಬೇರೆ ವಸ್ತುವನ್ನು ಹೇಳಿದ್ದರೆ ಮಂತ್ರವೂ ಬದಲಾಗಬೇಕು. ಅದಕ್ಕೆ ಊಹ ಎಂದು ಹೆಸರು. ಸೈಕಲ್ ಬಿಡಿಭಾಗಗಳ ತಯಾರಕರ ಲೋಕದಲ್ಲಿ ಆದದ್ದೂ ಇದೇ. ಶಿಮಾನೊ 2012ರಲ್ಲಿ ತಂದ ಸೇಂಟ್ ಎಂ820 ಡಿರೇಲರಿನಲ್ಲಿ ಕಿರಿದಾದ ರಸ್ತೆ ಕ್ಯಾಸೆಟ್ಟಿಗೂ ಅಗಲವಾದ ಬೆಟ್ಟದ ಕ್ಯಾಸೆಟ್ಟಿಗೂ ಹೊಂದಿಸಿಕೊಳ್ಳುವ ಏರ್ಪಾಟಿತ್ತು. 2014ರಲ್ಲಿ ಸ್ರ್ಯಾಮ್ ಏಳೇ ಗೇರಿನ, 10ರಿಂದ 24 ಹಲ್ಲಿನ ಕ್ಯಾಸೆಟ್ಟನ್ನು ಡೌನ್‌ಹಿಲ್ ಹೆಸರಿನಲ್ಲೇ ಮಾರಿತು. ಸವಾರರು ಮೊದಲು ಮಾಡಿದರು, ವಿಧಿ ಆಮೇಲೆ ಬಂತು.

ಇಲ್ಲಿ ಎದ್ದು ನಿಲ್ಲುವ ಆಕ್ಷೇಪ ಗಂಭೀರವಾದದ್ದು. ವೇದ ಅಪೌರುಷೇಯವೆಂದು ನಂಬಿದವರ ತರ್ಕವನ್ನು ಒಂದು ಕಂಪನಿಯ ಕೈಪಿಡಿಗೆ ಹಚ್ಚುವುದು ಸರಿಯೆ? ಯಜ್ಞದ ಫಲ ಕಣ್ಣಿಗೆ ಕಾಣದ್ದು, ಸೈಕಲ್ಲಿನದು ಅಲ್ಲೇ ಕಾಣುವಂಥದ್ದು. ಒಪ್ಪುತ್ತೇನೆ, ಆದರೆ ಈ ವ್ಯತ್ಯಾಸ ನನ್ನ ವಾದವನ್ನು ಗಟ್ಟಿ ಮಾಡುತ್ತದೆ. ಒಂದಕ್ಷರ ಮೀರಬಾರದೆಂದ ಶಾಸ್ತ್ರವೇ ಕಣ್ಣಿಗೆ ಕಾಣುವ ಪ್ರಯೋಜನವಿಲ್ಲದ ಕುಟ್ಟಣೆಯನ್ನು ಕೈಬಿಟ್ಟಿತೆಂದ ಮೇಲೆ, ಪ್ರಯೋಜನವೆಲ್ಲ ಕಣ್ಣೆದುರೇ ಇರುವ ಯಂತ್ರದಲ್ಲಿ ಹೆಸರಿಗೆ ಜೋತುಬೀಳಲು ಏನು ಕಾರಣ? ಅದೇ ಕೃಷ್ಣಲದ ಚರುವಿನಲ್ಲಿ ಬೇಯಿಸುವುದನ್ನು ಮಾತ್ರ ಬಿಡುವಂತಿಲ್ಲ, ಚಿನ್ನ ಬೇಯದಿದ್ದರೂ ತುಪ್ಪದಲ್ಲಿ ಬೇಯಿಸಬೇಕೆಂಬ ವಿಧಿ ಸ್ಪಷ್ಟವಾಗಿದೆ ಎಂದು ಹೇಳಿದವರೂ ಅವರೇ. ಕೈಪಿಡಿಗೆ ಅಂಥ ಅಧಿಕಾರವನ್ನು ನಾನು ಕೊಡಲಾರೆ. ಕೈಪಿಡಿ ಬೇಡವೆಂದರೆ ಬೇಡವೆಂದದ್ದು ಏಕೆ ಎಂದು ಕೇಳುವ ಹಕ್ಕು ನಮಗಿದೆ, ಉತ್ತರ ಲೋಹದಲ್ಲಿ ಸಿಗಬೇಕು.

ಎಷ್ಟೋ ಸಲ ಲೋಹದಲ್ಲಿ ಉತ್ತರ ಸಿಗುತ್ತದೆ ಎಂಬುದೂ ನಿಜ. ‘ಕೆಲಸ ಆದರೆ ಸಾಕು, ಏನನ್ನು ಬೇಕಾದರೂ ಎಲ್ಲಿಗೆ ಬೇಕಾದರೂ’ ಎನ್ನುವವರಿಗೆ ಅದೇ ಎಚ್ಚರಿಕೆ. ಶಿಮಾನೊದ ಒಂಬತ್ತು ಗೇರಿನ ಕಾಲದಲ್ಲಿ ರಸ್ತೆಯ ಡಿರೇಲರು ಬೆಟ್ಟದ ಸೈಕಲ್ಲಿನ ಗೇರು ಬದಲಿಸುವ ಶಿಫ್ಟರಿಗೆ ಹೊಂದುತ್ತಿತ್ತು. ಹತ್ತು ಗೇರಿಗೆ ಬಂದಾಗ ಬೆಟ್ಟದ ಸಾಲಿನಲ್ಲಿ ಕೇಬಲ್ಲಿನ ಎಳೆತದ ಲೆಕ್ಕ ಬದಲಾಯಿತು; ಕ್ಯಾಸೆಟ್ಟಿನ ಚಕ್ರಗಳ ಅಂತರ ಒಂದೇ ಉಳಿದುದರಿಂದ ಕ್ಯಾಸೆಟ್ಟು ಈಗಲೂ ಸಲ್ಲುತ್ತದೆ, ಡಿರೇಲರು ಸಲ್ಲದು. ಹನ್ನೊಂದು ಗೇರಿನ ರಸ್ತೆ ಕ್ಯಾಸೆಟ್ಟಿಗೆ 1.85 ಮಿಲಿಮೀಟರು ಉದ್ದ ಹೆಚ್ಚಿರುವ ಫ್ರೀಹಬ್ಬೇ ಬೇಕು. ರಸ್ತೆಯ ಸಾಮಾನ್ಯ ಡಿರೇಲರಿನಲ್ಲಿ ಚೈನನ್ನು ಬಿಗಿಹಿಡಿಯುವ ಕ್ಲಚ್ ಇಲ್ಲ; ಚೈನ್ ಗೈಡ್ ಇಲ್ಲದೆ ಕಲ್ಲಿನ ಮೇಲೆ ಹೋದರೆ ಚೈನು ಕಳಚುತ್ತದೆ. ಹೆಸರುಕಾಳು ಸಿಗದಾಗ ಉದ್ದು ಎಷ್ಟೇ ಹೋಲಿದರೂ ಯಜ್ಞಕ್ಕೆ ತರಬಾರದೆಂದು ಜೈಮಿನಿಯ ಸೂತ್ರಗಳಿಗೆ ಶಬರಸ್ವಾಮಿ ಬರೆದ ಭಾಷ್ಯ ಹೇಳುತ್ತದೆ. ಹೋಲಿಕೆಯೊಂದೇ ಪ್ರಮಾಣವಲ್ಲ ಎಂಬಷ್ಟರಮಟ್ಟಿಗೆ ಆ ಮಾತು ಇಲ್ಲಿಯೂ ನಿಲ್ಲುತ್ತದೆ. ಎಳೆತದ ಲೆಕ್ಕ ತಪ್ಪಿದ ಡಿರೇಲರು ನೋಡಲು ಪಕ್ಕದ್ದರ ಅವಳಿಯಂತಿರುತ್ತದೆ.

ಸ್ವಧರ್ಮದ ಮಾತೆತ್ತುವವರೂ ಇರುತ್ತಾರೆ: ತನ್ನ ಧರ್ಮ ಕುಂದಿದ್ದರೂ ಪರಧರ್ಮಕ್ಕಿಂತ ಮೇಲೆಂದು ಗೀತೆಯೇ ಹೇಳಿಲ್ಲವೆ ಎಂದು. ವಸ್ತುವಿನ ಸ್ವಧರ್ಮ ಅದರ ಸ್ವಭಾವದಿಂದ ಬರುವುದಾದರೆ ನನಗೆ ತಕರಾರಿಲ್ಲ. 11ರಿಂದ 23ರವರೆಗಿನ ಒತ್ತಾದ ಹಲ್ಲುಸಾಲೇ ಆ ಕ್ಯಾಸೆಟ್ಟಿನ ಸ್ವಭಾವ, ಡಬ್ಬಿಯ ಮೇಲಿನ ಚೀಟಿಯಲ್ಲ. ಈ ಹಾದಿಯಲ್ಲಿ ಮೀಮಾಂಸೆಯೇ ಮುಗ್ಗರಿಸಿದೆ ಎಂಬುದನ್ನು ಮುಚ್ಚಿಡಬಾರದು. ಧಾನ್ಯದ ವಿಷಯದಲ್ಲಿ ಅಷ್ಟು ಉದಾರವಾದ ಆ ಆರನೆಯ ಅಧ್ಯಾಯವೇ ತನ್ನ ಮೊದಲ ಪಾದದಲ್ಲಿ ಶೂದ್ರರಿಗೆ ಯಜ್ಞದ ಬಾಗಿಲು ಮುಚ್ಚುತ್ತದೆ. ಎಲ್ಲರಿಗೂ ಅಧಿಕಾರವಿದೆ ಎಂದ ಬಾದರಿ ಎಂಬ ಆಚಾರ್ಯನ ಮತವನ್ನು ಎತ್ತಿ ಹೇಳಿ ತಳ್ಳಿಹಾಕುತ್ತದೆ. ಕಾಡುಭತ್ತಕ್ಕೆ ಸಿಕ್ಕ ನ್ಯಾಯ ಮನುಷ್ಯನಿಗೆ ಸಿಗಲಿಲ್ಲ. ತರ್ಕವನ್ನು ಅಲ್ಲಿಂದ ತೆಗೆದುಕೊಳ್ಳುವ ನಾವು ತೀರ್ಪನ್ನೂ ತೆಗೆದುಕೊಳ್ಳಬೇಕಾಗಿಲ್ಲ; ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು ಕಾಯಕವನ್ನು ಹುಟ್ಟಿನ ಮೇಲುಕೀಳಿನಿಂದ ಬಿಡಿಸಿದ ಮೇಲೆ ಕನ್ನಡಿಗರಿಗಂತೂ ಅಲ್ಲ.

ಕಡೆಯ ಆಕ್ಷೇಪ ತಮಾಷೆಯದು, ಆದರೆ ಚುರುಕಾದದ್ದು. 2015ರ ಜೂನ್‌ನಲ್ಲಿ ಆಸ್ಟ್ರಿಯದ ಲಿಯೋಗ್ಯಾಂಗ್‌ನ ವಿಶ್ವಕಪ್ ಪಂದ್ಯದಲ್ಲಿ ಅಮೆರಿಕದ ಆರನ್ ಗ್ವಿನ್‌ನ ಚೈನು ಹೊರಟ ಕೂಡಲೇ ತುಂಡಾಯಿತು. ಪೆಡಲ್ ತುಳಿಯಲಾಗದೆ ಇಡೀ ಇಳಿಜಾರನ್ನು ಹಾಗೆಯೇ ಇಳಿದ ಅವನು ಗೆದ್ದ. ಹಾಗಿದ್ದರೆ ಕ್ಯಾಸೆಟ್ಟು ಅಂಗವೇ ಅಲ್ಲವಲ್ಲ, ಯಾವುದಾದರೇನು? ಒಬ್ಬ ಅಸಾಧಾರಣ ಸವಾರ ಒಂದು ದಿನ ಗೆದ್ದನೆಂದು ಚೈನು ಕಿತ್ತು ಪಂದ್ಯಕ್ಕೆ ಹೊರಡುವುದು ರೂಢಿಯಾಗಲಿಲ್ಲ. ಪ್ರಧಾನವಾದದ್ದು ಇಳಿಜಾರು ಮತ್ತು ಇಳಿಯುವವನು, ಗೇರುಗಳು ಅವರಿಗೆ ಅಧೀನ ಎಂಬುದನ್ನಷ್ಟೆ ಆ ದಿನ ತೋರಿಸಿತು. ಜೈಮಿನಿಯೂ ದೇವತೆ, ಅಗ್ನಿ, ಮಂತ್ರಗಳ ಜೊತೆಗೆ ಯಜಮಾನನಿಗೂ ಪ್ರತಿನಿಧಿಯಿಲ್ಲವೆಂದ. ಚೈನು ಹಾರಿದಾಗ ಬೀಳುವ ಮೈ ಯಾರದೋ, ಯಾವ ಭಾಗ ಎಲ್ಲಿ ಕೂರಬೇಕೆಂಬ ನಿರ್ಧಾರವೂ ಅವನದೇ. ಹಾಗೆ ಜೋಡಿಸಿದ ಸೈಕಲ್ಲನ್ನು ಎರಡನೆಯವನಿಗೆ ಮಾರುವಾಗ ಏನೇನು ಬದಲಾಗಿದೆ ಎಂದು ಬಾಯಿಬಿಟ್ಟು ಹೇಳಬೇಕಾದದ್ದೂ ಇದರಿಂದಲೇ ಬರುವ ಹೊಣೆ. ಕೊಂಡವನು ಕೇಳಲಿಲ್ಲ ಎಂಬುದು ಅಲ್ಲಿ ಸಮಾಧಾನವಾಗದು.