ದಾರಿಗೆ ಎದುರಾಗಿ ಬಂದವರು

(ಅಪೊಸ್ತಲರ ಕೃತ್ಯಗಳು 27, 28ನೆಯ ಅಧ್ಯಾಯಗಳು)



ಮನೆಯಲ್ಲಿ ಕೂತು ಸ್ನೇಹವನ್ನು ಕೊಂಡಾಡುವದು ಸುಲಭ. ಪರದೇಶದ ದಾರಿಯಲ್ಲಿ ಅದು ಶೋಧಿಸಲ್ಪಡುತ್ತದೆ. ಸುಮಾರು ಕ್ರಿ.ಶ. 60ರಲ್ಲಿ ಪೌಲನು ಕೈದಿಯಾಗಿ ಕೈಸರೈಯದಿಂದ ರೋಮಾಪುರಕ್ಕೆ ಹೊರಟನು. ಆ ಪ್ರಯಾಣದ ವೃತ್ತಾಂತವನ್ನು ನಾವು ಓದುವಾಗ ಅದರಲ್ಲಿ ನಮ್ಮ ಸಭೆಯ ಬಾಳೇ ಕಾಣುತ್ತದೆ.

ಮೊದಲನೆಯದಾಗಿ, ಅರಿಸ್ತಾರ್ಕನನ್ನು ನೋಡಿರಿ. ಈತನು ಮಕೆದೋನ್ಯದ ಥೆಸಲೊನೀಕದವನು. ಎಫೆಸದಲ್ಲಿ ಗಲಭೆಯೆದ್ದಾಗ ಜನರು ಈತನನ್ನೂ ಹಿಡಿದು ನಾಟಕಶಾಲೆಗೆ ಎಳೆದೊಯ್ದಿದ್ದರು. ಅಷ್ಟು ಕಷ್ಟಪಟ್ಟವನು ಇನ್ನು ಸಾಕೆಂದು ಊರು ಸೇರಬಹುದಾಗಿತ್ತು. ಹಾಗೆ ಮಾಡದೆ ಕೈದಿಯ ಸಂಗಡ ಹಡಗನ್ನು ಹತ್ತಿದನು. ಈತನು ಆಡಿದ ಒಂದು ಮಾತಾದರೂ ವೇದದಲ್ಲಿ ಇಲ್ಲ. ಜೊತೆಯಲ್ಲಿದ್ದನೆಂಬದೇ ಈತನ ಸಾಕ್ಷಿ.

ಎರಡನೆಯದಾಗಿ, ಬಿರುಗಾಳಿಯ ಹದಿನಾಲ್ಕನೆಯ ರಾತ್ರಿಯನ್ನು ಯೋಚಿಸಿರಿ. ಹಡಗಿನಲ್ಲಿ 276 ಮಂದಿ ಇದ್ದರು. ನಾವಿಕರು ಲಂಗರು ಹಾಕುವ ನೆವದಿಂದ ಚಿಕ್ಕ ದೋಣಿಯನ್ನು ಇಳಿಸಿ ತಾವು ಮಾತ್ರ ತಪ್ಪಿಸಿಕೊಳ್ಳಲು ನೋಡಿದರು. ಇವರು ಹೋದರೆ ಉಳಿದವರಿಗೆ ಗತಿಯಿಲ್ಲವೆಂದು ಪೌಲನು ಎಚ್ಚರಿಸಲು, ಸಿಪಾಯಿಗಳು ದೋಣಿಯ ಹಗ್ಗಗಳನ್ನು ಕತ್ತರಿಸಿಬಿಟ್ಟರು. ಹಡಗು ಒಡೆಯಿತು, ಒಬ್ಬನಾದರೂ ನಷ್ಟವಾಗಲಿಲ್ಲ. ಸಭೆಯಲ್ಲಿ ಕಾಣಿಕೆಯ ಲೆಕ್ಕದ ವಿಷಯವಾಗಿಯೋ ಹಿರಿಯರನ್ನು ಆರಿಸುವ ವಿಷಯವಾಗಿಯೋ ಮನಸ್ತಾಪ ಉಂಟಾದಾಗ ನಮ್ಮಲ್ಲಿ ಎಷ್ಟು ಮಂದಿ ಗುಟ್ಟಾಗಿ ಒಂದು ದೋಣಿಯನ್ನು ಸಿದ್ಧಮಾಡಿಕೊಳ್ಳುತ್ತೇವೆ! ಆ ಹಗ್ಗವನ್ನು ಈ ದಿನವೇ ಕತ್ತರಿಸೋಣ.

ಮೂರನೆಯದಾಗಿ, ಮೆಲೀತೆ ದ್ವೀಪದವರನ್ನು, ಅಂದರೆ ಈಗಿನ ಮಾಲ್ಟಾದವರನ್ನು ನೆನಸಿರಿ. ಅವರ ಭಾಷೆ ಬೇರೆ, ಪೂಜೆ ಬೇರೆ. ಆದರೂ ಮಳೆಯಲ್ಲಿ ನೆನೆದು ನಡುಗುತ್ತಿದ್ದವರಿಗೆ ಬೆಂಕಿ ಹೊತ್ತಿಸಿ ಎಲ್ಲರನ್ನೂ ಸೇರಿಸಿಕೊಂಡರು. ಪೌಲನು ಸುಮ್ಮನೆ ಚಳಿ ಕಾಯಿಸುತ್ತಾ ಕೂರದೆ ತಾನೂ ಕಟ್ಟಿಗೆ ಕೂಡಿಸಿ ಆ ಬೆಂಕಿಗೆ ಹಾಕಿದನು. ನೆರೆಯವರು ನಮ್ಮ ವಿಶ್ವಾಸದವರಲ್ಲವೆಂದು ಅವರ ದಯೆಯನ್ನು ಹಗುರವಾಗಿ ಎಣಿಸಬಾರದು. ಅವರು ಹೊತ್ತಿಸಿದ ಬೆಂಕಿಗೆ ನಾವೂ ಒಂದು ಹೊರೆ ಕಟ್ಟಿಗೆ ತರಬೇಕು.

ಕಡೆಯದಾಗಿ, ರೋಮಾಪುರದ ಸಹೋದರರು. ಪೌಲನು ಬರುತ್ತಾನೆಂದು ಕೇಳಿ ಕೆಲವರು ಸುಮಾರು 30 ಮೈಲಿ ದೂರದ ತ್ರಿಛತ್ರದ ವರೆಗೂ, ಬೇರೆ ಕೆಲವರು ಸುಮಾರು 40 ಮೈಲಿ ದೂರದ ಅಪ್ಪಿಯಪೇಟೆಯ ವರೆಗೂ ಎದುರುಗೊಳ್ಳಲು ಬಂದರು. ಬಿರುಗಾಳಿಯಲ್ಲಿ ಇತರರಿಗೆ ಧೈರ್ಯ ಹೇಳಿದವನು ಅವರ ಮುಖಗಳನ್ನು ನೋಡಿ ತಾನೇ ಧೈರ್ಯ ಹೊಂದಿದನು. ಬಲವುಳ್ಳವರಿಗೂ ಸ್ನೇಹಿತರು ಬೇಕು.

ಆದರೆ ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ ಕೊನೆಯಲ್ಲಿ ದುಃಖದ ಮಾತೊಂದಿದೆ. ಪೌಲನು ಮೊದಲನೆಯ ಸಾರಿ ನ್ಯಾಯಸಭೆಯಲ್ಲಿ ಪ್ರತಿವಾದ ಮಾಡಿದಾಗ ಯಾರೂ ಆತನ ಪಕ್ಕದಲ್ಲಿ ನಿಲ್ಲಲಿಲ್ಲ. ಬಿಟ್ಟುಹೋದವರ ಹೆಸರುಗಳನ್ನು ಅಲ್ಲಿ ಹೇಳಿಲ್ಲ. ಅದು ಅವರ ಲೆಕ್ಕಕ್ಕೆ ಸೇರಬಾರದೆಂದೇ ಆತನು ಕೋರುತ್ತಾನೆ. ಹಾಗಾದರೆ ಒಂದು ಸಾರಿ ಎದುರುಗೊಂಡರೆ ಸಾಲದು. ಕಟಕಟೆಯ ಬಳಿಯಲ್ಲಿಯೂ ನಿಲ್ಲಬೇಕು.

ಪ್ರಿಯರೇ, ನಮ್ಮ ಊರಿನಲ್ಲಿ ಆಸ್ಪತ್ರೆಯಿಂದ ಒಬ್ಬಳೇ ಮರಳುವ ವಿಧವೆ ಇದ್ದಾಳೆ. ಪಟ್ಟಣದಲ್ಲಿ ಕೆಲಸ ಕಳಕೊಂಡು ನಾಚಿಕೆಯಿಂದ ಕತ್ತಲಾದ ಮೇಲೆ ಮನೆ ಸೇರುವ ಯೌವನಸ್ಥನಿದ್ದಾನೆ. ಅವರಿಗಾಗಿ ನಾವು 40 ಮೈಲಿ ನಡೆಯಬೇಕಾಗಿಲ್ಲ, ಬಸ್ಸು ನಿಲ್ಲುವ ಸ್ಥಳದ ತನಕ ಹೋದರೆ ಸಾಕು. ಈ ವಾರ ಯಾರು ಹೋಗುವಿರಿ?

ನಮ್ಮನ್ನು ಎಂದಿಗೂ ಕೈಬಿಡದ ಕರ್ತನು ಒಬ್ಬರನ್ನೊಬ್ಬರು ಕೈಬಿಡದಂತೆ ನಮಗೆ ಕೃಪೆಯನ್ನು ಅನುಗ್ರಹಿಸಲಿ. ಆಮೆನ್.