ಗಾಂಡೀವ ಜಾರಿದ ಗಳಿಗೆ

ಹಡಪಸರದ ಮನೆಯಲ್ಲಿ ನಡುರಾತ್ರಿ ದೂರವಾಣಿಯ ಗಂಟೆ ಬಾರಿಸಿದರೆ ಇಂದಿಗೂ ನಮ್ಮ ಎದೆ ಹೊಡೆದುಕೊಳ್ಳುತ್ತದೆ. ರೈಲ್ವೆ ಸೇವೆಯಲ್ಲಿದ್ದಾಗ ಅಂತಹ ಕರೆ ಬಂದರೆ ಎಲ್ಲಿಯೋ ಗಾಡಿ ಹಳಿ ತಪ್ಪಿದೆಯೆಂದೇ ಭಯ. ನಿವೃತ್ತಿಯ ಆದೇಶ ದೇಹಕ್ಕೆ ಇನ್ನೂ ತಲುಪಿಲ್ಲವೆಂದು ತೋರುತ್ತದೆ!

ಗೀತೆಯ ಪ್ರಥಮಾಧ್ಯಾಯದಲ್ಲಿ ಅರ್ಜುನನ ಬಾಯಿ ಒಣಗುತ್ತದೆ, ಮೈ ನಡುಗುತ್ತದೆ, ರೋಮಗಳು ನಿಮಿರುತ್ತವೆ, ಗಾಂಡೀವ ಕೈಯಿಂದ ಜಾರುತ್ತದೆ, ಮನಸ್ಸು ಸುತ್ತುತ್ತದೆ. ಇಂದಿನ ವೈದ್ಯರು ಹೇಳುವ ಲಕ್ಷಣಗಳೂ ಬಹುಮಟ್ಟಿಗೆ ಇವೇ. ಅಪಾಯ ಕಂಡೊಡನೆ ಮೂತ್ರಪಿಂಡಗಳ ಮೇಲಿನ ಗ್ರಂಥಿಗಳು ಅಡ್ರಿನಲಿನ್ ಸ್ರವಿಸುತ್ತವೆ, ನಾಡಿ ವೇಗಗೊಳ್ಳುತ್ತದೆ, ರಕ್ತವು ಜಠರವನ್ನು ಬಿಟ್ಟು ಸ್ನಾಯುಗಳತ್ತ ಧಾವಿಸುತ್ತದೆ. ಹಿಂದೆಯೇ ಕಾರ್ಟಿಸಾಲ್ ಏರಿ ಹೆಚ್ಚು ಹೊತ್ತು ನಿಲ್ಲುತ್ತದೆ. ಆ ಗಳಿಗೆಗೆ ಇದು ರಕ್ಷೆ. ತಿಂಗಳುಗಟ್ಟಲೆ ಹೀಗೆಯೇ ಇದ್ದರೆ ನಿದ್ರೆ ಕೆಡುತ್ತದೆ, ರಕ್ತದೊತ್ತಡ ಏರುತ್ತದೆ.

ಹಾಗಾದರೆ ಮಗರಪಟ್ಟಾದಲ್ಲಿ ರಾತ್ರಿಪಾಳಿ ಮುಗಿಸಿ ಬಂದ ಮಗನು ತಾಯಿಯ ಮೇಲೆ ರೇಗಿದರೆ ದೋಷ ಗ್ರಂಥಿಯದೇ? ಎದೆಬಡಿತಕ್ಕೆ ಅವನು ಹೊಣೆಯಲ್ಲ, ಬಿರುನುಡಿಗೆ ಹೊಣೆ ಎಂದೇ ನಮ್ಮ ಅಭಿಪ್ರಾಯ. ಆದರೆ ಅರ್ಜುನನು ತನ್ನ ನಡುಕವನ್ನು ಮುಚ್ಚಿಡಲಿಲ್ಲ. ಸಾರಥಿಯ ಮುಂದೆ ಒಂದೊಂದಾಗಿ ಹೇಳಿಕೊಂಡನು, ಸಾರಥಿ ಕೊನೆಯವರೆಗೆ ಕೇಳಿದನು. ನಮ್ಮ ಮನೆಗಳಲ್ಲಿ ಹಾಗೆ ಕೇಳುವವರು ಯಾರು? ಮಗ ಹೊಸ್ತಿಲು ದಾಟಿದೊಡನೆ ‘ಸಂಧ್ಯಾವಂದನೆ ಆಯಿತೇ?’ ಎನ್ನುವ ನಾವು ‘ನಿದ್ರೆ ಆಯಿತೇ?’ ಎಂದು ಕೇಳಿದ್ದು ಅಪರೂಪ.