ಜಗ್ಗಿದ ಕೈ ಬಿಡಬೇಕಾದ ಹೊತ್ತು

ರಾಮಾಯಣದ ಪುಷ್ಪಕ ವಿಮಾನ ಒಡೆಯನ ಮನಸ್ಸರಿತು ಹಾರುತ್ತಿತ್ತು. ಬೆಂಗಳೂರಿನ ಎಚ್‌ಎಎಲ್ 1958ರಲ್ಲಿ ಹಾರಿಸಿದ ಪುಷ್ಪಕಕ್ಕೆ ಆ ಭಾಗ್ಯವಿರಲಿಲ್ಲ. ಫ್ಲೈಯಿಂಗ್ ಕ್ಲಬ್ಬುಗಳಿಗಾಗಿ ಕಟ್ಟಿದ ಈ ಎರಡು ಸೀಟಿನ ವಿಮಾನದ 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್ನಿಗೆ ಸ್ಟಾರ್ಟರೇ ಇಲ್ಲ. ಒಬ್ಬ ಒಳಗೆ ಕೂತು ಬ್ರೇಕ್ ಹಿಡಿಯಬೇಕು, ಇನ್ನೊಬ್ಬ ಮುಂದೆ ನಿಂತು ಪ್ರೊಪೆಲರ್ ಜಗ್ಗಬೇಕು. ಮೊದಲು ‘ಸ್ವಿಚ್ ಆಫ್’ ಎಂದು ಕೂಗಿ ನಾಲ್ಕಾರು ಸುತ್ತು ತಿರುಗಿಸಿ ಸಿಲಿಂಡರಿಗೆ ಪೆಟ್ರೋಲ್ ಎಳೆಸುವುದು. ಆಮೇಲೆ ‘ಕಾಂಟ್ಯಾಕ್ಟ್’ ಎಂಬ ಕೂಗು, ಒಂದೇ ಜಗ್ಗು, ಕೂಡಲೇ ಹಿಂದಕ್ಕೆ ಹೆಜ್ಜೆ. ಬ್ಯಾಟರಿಯ ಹಂಗಿಲ್ಲ, ಕಿಡಿ ಹುಟ್ಟಿಸಲು ಮ್ಯಾಗ್ನೆಟೋ ತಿರುಗಿದರೆ ಸಾಕು.

ಯಾದಗಿರಿ, ಶಹಾಪುರ, ಸುರಪುರದವರಿಗೆ ಹತ್ತಿರದಲ್ಲಿ ವಿಮಾನ ನಿಲ್ದಾಣ ಬಂದದ್ದೇ 2019ರಲ್ಲಿ, ಅದೂ ಕಲಬುರಗಿಯಲ್ಲಿ. ಆದರೆ ಈ ಜಗ್ಗು ಆ ಸೀಮೆಗೆ ಹೊಸದಲ್ಲ. ಡೀಸೆಲ್ ಎಂಜಿನ್ ಇಟ್ಟು ನೀರೆತ್ತಿದ ರೈತರಿಗೆ ಹ್ಯಾಂಡಲ್ ಹೊಡೆಯುವುದು ಗೊತ್ತು. ಲಿವರ್ ಎತ್ತಿ ಸಿಲಿಂಡರಿನ ಒತ್ತಡ ಬಿಡಿಸಿ, ದೊಡ್ಡ ಗಾಲಿಗೆ ವೇಗ ಬಂದೊಡನೆ ಲಿವರ್ ಇಳಿಸಬೇಕು. ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಬೇಕು. ಸುತ್ತಿ ಹಿಡಿದರೆ, ಎಂಜಿನ್ ತಿರುಗಿ ಒದ್ದಾಗ ಮಣಿಕಟ್ಟು ಮುರಿಯುತ್ತದೆ. ಪ್ರೊಪೆಲರಿಗೂ ಇದೇ ಮಾತು: ಅಲಗಿನ ಮೇಲೆ ಅಂಗೈ ಚಪ್ಪಟೆಯಾಗಿರಬೇಕು, ಬೆರಳು ಅಂಚಿಗೆ ಸುತ್ತಿಕೊಳ್ಳಬಾರದು.

ಹಾಗಾದರೆ ಎಂಜಿನ್ ಚಾಲೂ ಮಾಡಿದವರು ಯಾರು? ಕೈ ಕೊಟ್ಟದ್ದು ಅರ್ಧ ಸುತ್ತು, ಉರಿದದ್ದು ಪೆಟ್ರೋಲ್. ಗೀತೆಯ 18ನೇ ಅಧ್ಯಾಯ ಯಾವ ಕೆಲಸಕ್ಕೂ ಐದು ಕಾರಣಗಳನ್ನು ಹೇಳುತ್ತದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ. ತಾನೊಬ್ಬನೇ ಕರ್ತೃ ಎಂದುಕೊಂಡವನಿಗೆ ತಿಳಿವಳಿಕೆ ಸಾಲದು ಎಂದೂ ಅಲ್ಲೇ ಹೇಳಿದೆ. ಪ್ರೊಪೆಲರ್ ಮುಂದೆ ನಿಂತವನಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ‘ನಾನು ಮಾಡಿದೆ’ ಎಂದು ಒಂದು ಕ್ಷಣ ಹೆಚ್ಚು ಹಿಡಿದುಕೊಂಡರೆ ಕೈಯೇ ಹೋದೀತು.

ಇಷ್ಟಕ್ಕೆ ನಿಲ್ಲಿಸಿದರೆ ಅರ್ಧ ವೇದಾಂತ. ಫಲ ಬಿಡು ಎಂಬ ಗೀತೆಯ ಮಾತನ್ನು ಎಚ್ಚರವನ್ನೂ ಬಿಡು ಎಂದು ಓದುವವರು ಕಡಿಮೆಯಿಲ್ಲ. ಒಳಗೆ ಯಾರೂ ಇಲ್ಲದೆ, ಗಾಲಿಗೆ ಅಡ್ಡಲಾಗಿ ಕಟ್ಟೆ ಕೊಡದೆ ಒಬ್ಬನೇ ಪ್ರೊಪೆಲರ್ ಜಗ್ಗಿ, ವಿಮಾನ ತಾನಾಗಿ ಓಡಿಹೋದ ಪ್ರಸಂಗಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಶಂಕರರ ಭಾಷ್ಯದಲ್ಲಿ ಅಧಿಷ್ಠಾನವೆಂದರೆ ಶರೀರ. ತುಸು ಸ್ವಾತಂತ್ರ್ಯ ವಹಿಸಿದರೆ ಎಂಜಿನ್ ನಿಂತ ನೆಲ, ಗಾಲಿಗೆ ಕೊಟ್ಟ ಕಟ್ಟೆ ಕೂಡ ಅದರಲ್ಲಿ ಸೇರಬೇಕು. (ಆಯುಧಪೂಜೆಯಂದು ಗಾಲಿಯ ಕೆಳಗಿಡುವ ನಿಂಬೆಹಣ್ಣು ಗಾಲಿಯನ್ನು ತಡೆಯುವುದಿಲ್ಲ, ಅಪ್ಪಚ್ಚಿಯಾಗುತ್ತದೆ.)

ಫಲ ಬಿಡುವುದಕ್ಕೂ ಎಚ್ಚರ ಬಿಡುವುದಕ್ಕೂ ಇರುವ ವ್ಯತ್ಯಾಸ ತಿಳಿಯಲು ಸುರಪುರ ಸೀಮೆಯವರು ದೂರ ಹೋಗಬೇಕಿಲ್ಲ. ನೇಕಾರ ವಚನಕಾರ ದೇವರ ದಾಸಿಮಯ್ಯ ಅಲ್ಲಿನ ಮುದನೂರಿನವನು. ತಾನು ನೇಯ್ದ ಬಟ್ಟೆಯನ್ನು ಜಂಗಮನೊಬ್ಬ ಬೇಡಿದಾಗ ಕೊಟ್ಟುಬಿಟ್ಟ. ಕಣ್ಣೆದುರೇ ಆತ ಹರಿದು ಚೆಲ್ಲಿದರೂ ದಾಸಿಮಯ್ಯನಾಗಲಿ ಹೆಂಡತಿ ದುಗ್ಗಳೆಯಾಗಲಿ ಕದಲಲಿಲ್ಲ. ಬಂದವನು ಶಿವ, ಮೆಚ್ಚಿ ತವನಿಧಿ, ಅಂದರೆ ಎಂದೂ ಬರಿದಾಗದ ಭಂಡಾರ, ಕೊಟ್ಟ ಎಂಬುದು ಐತಿಹ್ಯ. ಪ್ರವಚನಗಳಲ್ಲಿ ತವನಿಧಿಯದೇ ದೊಡ್ಡ ಮಾತು. ಆದರೆ ದಾಸಿಮಯ್ಯ ಬಿಟ್ಟುಕೊಟ್ಟದ್ದು ನೇಯ್ದು ಮುಗಿಸಿದ ಬಟ್ಟೆಯನ್ನು. ಮಗ್ಗದ ಮೇಲಿದ್ದಾಗ ಎಳೆ ತಪ್ಪಿದ್ದರೆ ‘ಶಿವನ ಇಚ್ಛೆ’ ಎಂದು ಯಾವ ನೇಕಾರನೂ ಸುಮ್ಮನಿರುವುದಿಲ್ಲ, ಬಿಚ್ಚಿ ಮತ್ತೆ ಕಟ್ಟುತ್ತಾನೆ.

ಗೀತೆಯ ಪಟ್ಟಿಯಲ್ಲಿ ದೈವ ಐದನೆಯದು. ಬ್ರೇಕ್ ನೋಡದೆ, ಕಟ್ಟೆ ಕೊಡದೆ, ಹೆಬ್ಬೆರಳು ಸುತ್ತಿ ಹಿಡಿದು ಪೆಟ್ಟು ತಿಂದವನು ಆ ಐದನೆಯದನ್ನು ದೂರಿದರೆ ಅದನ್ನು ಭಕ್ತಿ ಎನ್ನಲಾಗದು.